ವಿ-ಕ್ರಾಸ್ ಇಳಿಸಬೇಕಾ? ಮೊದಲು ಬಂಪ್ ಸ್ಟಾಪರ್ ಹತ್ತಿರದ ಜಾಗ ಅಳೆಯಿರಿ

ಪ್ರಶ್ನೆ: ನಮ್ಮ ಊರು ವಿಜಯಪುರದ ಕಡೆ. ಈಗ ಪುಣೆಯ ಚಿಂಚವಡದಲ್ಲಿದ್ದೇನೆ, ಅಡುಗೆ ಕಾಂಟ್ರಾಕ್ಟ್ ಮಾಡುತ್ತೇನೆ. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಫೋರ್ ಬೈ ಫೋರ್ ಗಾಡಿ ಇದೆ. ಮದುವೆ ಸೀಸನ್‌ನಲ್ಲಿ ಹಿಂದೆ ಪಾತ್ರೆ, ಬರ್ನರ್, ಸಿಲಿಂಡರ್ ಸೇರಿ ಮೂರ್ನಾಲ್ಕು ಕ್ವಿಂಟಲ್ ಭಾರ ಇರುತ್ತದೆ, ಉಳಿದ ದಿನ ಖಾಲಿ. ಅವ್ವನಿಗೆ ಮೊಣಕಾಲು ನೋವು, ಗಾಡಿ ಹತ್ತಲು ಆಗುತ್ತಿಲ್ಲ. ಖಾಲಿ ಇದ್ದಾಗ ಹಿಂಭಾಗ ಎತ್ತಿಕೊಂಡು ನಿಂತಂತೆ ಕಾಣುವುದೂ ನನಗೆ ಹಿಡಿಸುವುದಿಲ್ಲ. ಭೋಸರಿಯ ಒಂದು ಗ್ಯಾರೇಜಿನವರು ಮುಂದೆ ಕಾಯಿಲ್ ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿ, ಹಿಂದೆ ಒಂದು ಪಾಟಾ (ಲೀಫ್ ಸ್ಪ್ರಿಂಗ್‌ನ ಪಟ್ಟಿ) ತೆಗೆದು 3 ಇಂಚು ಇಳಿಸುತ್ತೇವೆ, ಸಂಜೆಯೊಳಗೆ ಗಾಡಿ ಒಯ್ಯಿರಿ ಅನ್ನುತ್ತಾರೆ. ಅಮೆರಿಕದವರ ವಿಡಿಯೊಗಳಲ್ಲಿ ಇದಕ್ಕಿಂತ ದೊಡ್ಡ ಪಿಕಪ್‌ಗಳನ್ನೇ 5-6 ಇಂಚು ಇಳಿಸಿದ್ದು ನೋಡಿದ್ದೇನೆ. ಮಾಡಿಸಲಾ?

ಉತ್ತರ: ಅವರು ಹೇಳಿದ ರೀತಿಯಲ್ಲಿ ಬೇಡ. ಮುಂದಿನ ಕಾಯಿಲ್ ಕತ್ತರಿಸಲು ಬಿಡಲೇಬೇಡಿ. ಹಿಂಭಾಗವನ್ನು ಸುಮಾರು 1 ಇಂಚು ಇಳಿಸಬಹುದು, ಅದೂ ಪಾಟಾ ಒಂದನ್ನೂ ತೆಗೆಯದೆ, ನಾನು ಕೆಳಗೆ ಹೇಳುವ ಅಳತೆ ನೋಡಿಕೊಂಡು. ಅವ್ವನ ತೊಂದರೆಗೆ ಸಸ್ಪೆನ್ಷನ್ ಮುಟ್ಟಬೇಕಾಗಿಯೇ ಇಲ್ಲ, ಅದಕ್ಕೆ ಬೇರೆ ದಾರಿ ಇದೆ, ಅದು ಅಗ್ಗವೂ ಹೌದು.

ಗಾಡಿ ಇಳಿಸುವುದು ಅಂದರೆ ಎಲ್ಲರೂ ಎತ್ತರದ ಲೆಕ್ಕವನ್ನೇ ಮಾಡುತ್ತಾರೆ. ನಿಜವಾಗಿ ಕಡಿಮೆಯಾಗುವುದು ಚಕ್ರಕ್ಕೆ ಮೇಲೆ ಹೋಗಲು ಇರುವ ಜಾಗ. ಗಾಡಿ ಸುಮ್ಮನೆ ನಿಂತಾಗ, ಚಕ್ರ ಇನ್ನೂ ಇಷ್ಟು ಮೇಲೆ ಹೋಗಬಹುದು ಅಂತ ಕಂಪನಿಯವರು ಒಂದು ಜಾಗ ಬಿಟ್ಟಿರುತ್ತಾರೆ. ಗುಂಡಿ ಬಂದಾಗ, ಹಂಪ್ ಹತ್ತಿದಾಗ, ಹಿಂದೆ ಭಾರ ಹಾಕಿದಾಗ ಬಳಕೆಯಾಗುವುದು ಇದೇ ಜಾಗ. ಅದು ಮುಗಿದರೆ ಬಂಪ್ ಸ್ಟಾಪರ್ ರಬ್ಬರ್ ಕಬ್ಬಿಣಕ್ಕೆ ಬಡಿಯುತ್ತದೆ. ಅಲ್ಲಿಂದ ಮುಂದೆ ಸ್ಪ್ರಿಂಗ್ ಕೆಲಸ ಮುಗಿಯಿತು, ಪೆಟ್ಟು ನೇರ ಚಾಸಿಗೆ ಹೋಗುತ್ತದೆ.

ಇದರಲ್ಲಿ ಒಂದು ಲೆಕ್ಕ ಇದೆ, ದಯವಿಟ್ಟು ಗಮನವಿಟ್ಟು ಓದಿ. ಸ್ಪ್ರಿಂಗ್ ಒತ್ತಿಕೊಂಡಷ್ಟೂ ಅದರ ತಳ್ಳು ಜಾಸ್ತಿಯಾಗುತ್ತಾ ಹೋಗುತ್ತದೆ. ಹಾಗಾಗಿ ನಿಂತ ಎತ್ತರದಿಂದ ಮೇಲೆ ಅದು ನುಂಗುವ ಪೆಟ್ಟು, ಒತ್ತಿಕೊಂಡ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ದೂರ ಅರ್ಧ ಆದರೆ ನುಂಗುವ ಶಕ್ತಿ ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಲೆಕ್ಕಕ್ಕೆ ಒಂದು ಗಾಡಿಯಲ್ಲಿ 90 ಮಿಲಿಮೀಟರ್ ಜಾಗ ಇದೆ ಅಂತ ಹಿಡಿಯೋಣ. ಅದನ್ನು 2 ಇಂಚು, ಅಂದರೆ ಹೆಚ್ಚುಕಡಿಮೆ 50 ಮಿಲಿಮೀಟರ್ ಇಳಿಸಿದರೆ ಉಳಿಯುವುದು 40. ಸ್ಪ್ರಿಂಗ್ ಅದೇ ಆಗಿದ್ದರೆ ಈಗ ನುಂಗುವ ಪೆಟ್ಟು ಮೊದಲಿನ ಐದನೇ ಒಂದು ಭಾಗ. ಮೊದಲು ಗೊತ್ತೇ ಆಗದಂತೆ ದಾಟುತ್ತಿದ್ದ ಹಂಪ್ ಈಗ ಬೆನ್ನಿಗೆ ಹೊಡೆಯುತ್ತದೆ. 3 ಇಂಚು ಅಂದರೆ 75 ಮಿಲಿಮೀಟರ್. ಆಗ ಉಳಿಯುವುದು 15. ಅಷ್ಟರಲ್ಲಿ ಗಾಡಿ ಓಡಿಸುವುದು ಅಂದರೆ ದಿನವಿಡೀ ಬಂಪ್ ಸ್ಟಾಪರ್ ಮೇಲೇ ಓಡಿಸಿದಂತೆ. ಹಾಗೆ ಓಡಿಸುತ್ತಾ ಹೋದರೆ ಶಾಕ್ ಅಬ್ಸಾರ್ಬರ್ ಸೋರುತ್ತದೆ, ಅದರ ಮೇಲಿನ ಮೌಂಟ್ ಒಡೆಯುತ್ತದೆ, ಬಂಪ್ ಸ್ಟಾಪರ್ ಕೂರುವ ಬ್ರಾಕೆಟ್ ಹತ್ತಿರ ಚಾಸಿಗೆ ಬಿರುಕು ಬರುತ್ತದೆ.

ಪುಣೆಯ ರಸ್ತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ವಾ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಸ್ಪೀಡ್ ಬ್ರೇಕರ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಮೆತ್ತಗೆ ದಾಟುವಂತಿರಬೇಕು. ನಮ್ಮ ಸೊಸೈಟಿಗಳ ಗೇಟಿನ ಮುಂದೆ, ಚಾಕಣದ ಒಳರಸ್ತೆಗಳಲ್ಲಿ ಇರುವುದು ಹಾಗಿದೆಯಾ? ಅಗಲ ಅರ್ಧ ಮೀಟರ್ ಇಲ್ಲ, ಎತ್ತರ ಮಾತ್ರ ಪೂರ್ತಿ. ಮಳೆಗಾಲದಲ್ಲಿ ತಳೆಗಾಂವ್-ಚಾಕಣ ರಸ್ತೆಯಲ್ಲಿ ಲಾರಿಗಳ ಹಿಂದೆ ಹೋಗುವಾಗ ಗುಂಡಿ ಕಣ್ಣಿಗೆ ಬೀಳುವಷ್ಟರಲ್ಲಿ ಚಕ್ರ ಅದರೊಳಗೆ ಇರುತ್ತದೆ. ಇಂಥಲ್ಲಿ ಚಕ್ರ ಮೇಲೆ ಹೋಗುವ ಜಾಗವೇ ನಿಮ್ಮ ಗಾಡಿಯ ಆಸ್ತಿ.

ಹಾಗಾದರೆ ಆ ಜಾಗ ಎಷ್ಟಿದೆ ಅಂತ ಅಳೆಯುವುದು ಹೇಗೆ? ಗಾಡಿಯನ್ನು ಸಪಾಟು ನೆಲದಲ್ಲಿ ನಿಲ್ಲಿಸಿ. ಟೈರ್ ಗಾಳಿ ಸರಿ ಇರಲಿ, ಡೀಸೆಲ್ ಅರ್ಧ ಟ್ಯಾಂಕ್ ಇರಲಿ. ಜ್ಯಾಕ್ ಹಾಕಬೇಡಿ, ಹಾಕಿದರೆ ಅಳತೆ ತಪ್ಪುತ್ತದೆ. ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಬರೆದುಕೊಳ್ಳಿ. ನೆಲದಿಂದ ಅಳೆದರೆ ಟೈರ್ ಸವೆತವೂ ಸೇರಿಕೊಳ್ಳುತ್ತದೆ, ಅದಕ್ಕೇ ನಡುಬಿಂದುವಿನಿಂದ. ಆಮೇಲೆ ಬಗ್ಗಿ ನೋಡಿ, ಬಂಪ್ ಸ್ಟಾಪರ್ ತುದಿಗೂ ಅದು ಬಡಿಯುವ ಜಾಗಕ್ಕೂ ನಡುವೆ ಎಷ್ಟಿದೆ ಅಂತ ಅಳೆಯಿರಿ. ಇದನ್ನೇ ಒಮ್ಮೆ ಖಾಲಿ ಗಾಡಿಯಲ್ಲಿ, ಒಮ್ಮೆ ನಿಮ್ಮ ಪೂರ್ತಿ ಅಡುಗೆ ಸಾಮಾನು ಮತ್ತು ಕೂರುವ ಜನ ಸೇರಿಸಿ ಮಾಡಿ. ಮುಂದಿನ ಅಳತೆಯಲ್ಲಿ ಒಂದು ಎಚ್ಚರ ಬೇಕು. ಮುಂದೆ ಬಂಪ್ ಸ್ಟಾಪರ್ ಚಕ್ರಕ್ಕಿಂತ ಒಳಗಡೆ ಕೂತಿರುತ್ತದೆ, ಅಲ್ಲಿ ಕಾಣುವ ಜಾಗಕ್ಕಿಂತ ಚಕ್ರ ಓಡಾಡುವ ದೂರ ಜಾಸ್ತಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಬಂಪ್ ಸ್ಟಾಪರ್ ತುದಿಗೆ ಸ್ವಲ್ಪ ಗ್ರೀಸ್ ಹಚ್ಚಿ, ಭಾರ ಹಾಕಿಕೊಂಡು ದಿನವೂ ಹೋಗುವ ದಾರಿಯಲ್ಲೇ ಓಡಿಸಿ ಬನ್ನಿ. ಎದುರಿನ ಕಬ್ಬಿಣಕ್ಕೆ ಗ್ರೀಸ್ ಹತ್ತಿದ್ದರೆ ಈಗಿನ ಎತ್ತರದಲ್ಲೇ ಜಾಗ ಪೂರ್ತಿ ಬಳಕೆಯಾಗುತ್ತಿದೆ ಅಂತ ಅರ್ಥ. ಆ ಕಡೆ ಒಂದು ಮಿಲಿಮೀಟರ್ ಕೂಡ ಇಳಿಸಬೇಡಿ.

ಭಾರ ಹಾಕಿದಾಗ ಒಮ್ಮೆ ವೇ ಬ್ರಿಡ್ಜ್‌ಗೂ ಹೋಗಿ ಬನ್ನಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಹಿಂದಿನದು ಮಾತ್ರ ಹತ್ತಿಸಿ ಇನ್ನೊಂದು ತೂಕ ತೆಗೆಸಿ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಬಂದದ್ದರಲ್ಲಿ ಕೂರುವ ಜನರ ತೂಕವನ್ನೂ ಕಳೆಯಿರಿ. ಉಳಿದದ್ದು ನೀವು ಹಾಕಬಹುದಾದ ಸಾಮಾನು. ಐದು ಜನ ಕೂತ ಡಬಲ್ ಕ್ಯಾಬ್‌ನಲ್ಲಿ ಅದು ಜನ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಬರುತ್ತದೆ. ನಿಮ್ಮ ಮೂರ್ನಾಲ್ಕು ಕ್ವಿಂಟಲ್ ಈಗಲೇ ಅದನ್ನು ದಾಟುತ್ತಿದ್ದರೆ ಇಳಿಸುವ ಯೋಚನೆ ಬಿಟ್ಟುಬಿಡಿ, ಮೊದಲು ಭಾರ ಸರಿ ಮಾಡಿ.

ಈಗ ಕಾಯಿಲ್ ಕತ್ತರಿಸುವ ವಿಷಯ. ವಿ-ಕ್ರಾಸ್‌ನಲ್ಲಿ ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ಮೇಲೊಂದು, ಕೆಳಗೊಂದು ಆರ್ಮ್) ಮತ್ತು ಕಾಯಿಲ್ ಸ್ಪ್ರಿಂಗ್ ಇದೆ, ಟೊಯೊಟಾ ಹೈಲಕ್ಸ್‌ನಲ್ಲೂ ಹಾಗೇ. ಕಾಯಿಲ್‌ನ ಕೆಳತುದಿ ಲೋವರ್ ಆರ್ಮ್‌ನ ನಡುಭಾಗದಲ್ಲಿ ಬರುತ್ತದೆ, ಚಕ್ರ ಅದಕ್ಕಿಂತ ಹೊರಗಿದೆ. ಅದರಿಂದ ಕಾಯಿಲ್‌ನಲ್ಲಿ 1 ಇಂಚು ಕಡಿಮೆ ಮಾಡಿದರೆ ಚಕ್ರದ ಹತ್ತಿರ ಗಾಡಿ ಸುಮಾರು 2 ಇಂಚು ಇಳಿಯುತ್ತದೆ. ಒಂದು ಸುತ್ತು ಕತ್ತರಿಸಿದರೆ ಎಷ್ಟು ಇಳಿಯುತ್ತದೆ ಅಂತ ಕತ್ತರಿಸುವವರಿಗೂ ಮೊದಲೇ ಗೊತ್ತಿರುವುದಿಲ್ಲ. ಕತ್ತರಿಸಿದ ಮೇಲೆ ಮತ್ತೆ ಅಂಟಿಸಲು ಆಗುವುದಿಲ್ಲ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಬಿರುಸೂ ಆಗುತ್ತದೆ. ಎಂಟು ಸುತ್ತು ಕೆಲಸ ಮಾಡುವ ಸ್ಪ್ರಿಂಗ್‌ನಲ್ಲಿ ಒಂದು ತೆಗೆದರೆ ನೂರಕ್ಕೆ 14ರಷ್ಟು ಬಿರುಸು. ಆದರೆ ನಾವು ಮೇಲೆ ನೋಡಿದಂತೆ, ಕಡಿಮೆಯಾದ ಜಾಗ ತುಂಬಿಕೊಳ್ಳಲು ಬೇಕಾದ ಬಿರುಸು ಹಲವು ಪಟ್ಟು. ನೂರಕ್ಕೆ 14 ಯಾವ ಮೂಲೆಗೂ ಸಾಲದು.

ಇನ್ನೂ ದೊಡ್ಡ ಅಪಾಯ ಬೇರೆಯೇ ಇದೆ. ಕಂಪನಿಯ ಕಾಯಿಲ್‌ನ ತುದಿ ಸೀಟಿನಲ್ಲಿ ಸರಿಯಾಗಿ ಕೂರುವಂತೆ ಮಾಡಿರುತ್ತಾರೆ. ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ, ಒಂದೇ ಬಿಂದುವಿನ ಮೇಲೆ ಭಾರ ಹಾಕಿ ಸೀಟ್ ತಿನ್ನುತ್ತದೆ. ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ, ಉದಾಹರಣೆಗೆ ಫೋರ್ ಬೈ ಫೋರ್ ಹಾಕಿ ಏರುದಾರಿಯಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಂತಾಗ, ಗಿಡ್ಡ ಕಾಯಿಲ್ ಸಡಿಲವಾಗಿ ಜರುಗಬಹುದು. ಗ್ಯಾಸ್ ಹಾಯಿಸಿ ಕಾಯಿಲ್ ಕಾಯಿಸಿ ಕೂರಿಸುತ್ತೇವೆ ಅಂತ ಹೇಳುವವರೂ ಇದ್ದಾರೆ. ಸ್ಪ್ರಿಂಗ್ ಉಕ್ಕು ಕೆಂಪಗೆ ಕಾಣುವಷ್ಟು ಕಾದಿತು ಅಂದರೆ ಅದರ ಹದ ಹೋಯಿತು ಅಂತಲೇ ಅರ್ಥ. ಅಲ್ಲಿ ಅದು ಮೆತ್ತಗಾಗುತ್ತದೆ, ಪಕ್ಕದಲ್ಲಿ ಗಡುಸಾಗಿಯೇ ಇರುತ್ತದೆ, ಆ ಎರಡರ ನಡುವೆ ಒಂದು ದಿನ ಮುರಿಯುತ್ತದೆ. ಖಂಬಾಟ್ಕಿ ಘಾಟ್ ಇಳಿಯುವಾಗ ಮುರಿದರೆ ಏನು ಗತಿ?

ಮುಂಭಾಗವನ್ನು ಸರಿಯಾದ ರೀತಿಯಲ್ಲಿ ಇಳಿಸಲು ಆಗುವುದೇ ಇಲ್ಲವಾ? ಆಗುತ್ತದೆ. ಆ ಗಾಡಿಗೇ ಅಂತ ತಯಾರಾದ, ಗಿಡ್ಡವಾದ ಆದರೆ ಬಿರುಸಾದ ಕಾಯಿಲ್ ಬೇಕು. ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್ ಬೇಕು, ಇಲ್ಲದಿದ್ದರೆ ಹಳೆಯದು ಅರ್ಧ ಒಳಗೆ ಕೂತು, ಬಂಪ್ ಸ್ಟಾಪರ್ ಮುಟ್ಟುವ ಮೊದಲೇ ಅದರ ಪಿಸ್ಟನ್ ತಳಕ್ಕೆ ಬಡಿಯುತ್ತದೆ. ಇಷ್ಟೆಲ್ಲ ಹೊಂದಿಸಿದರೂ ಡಬಲ್ ವಿಶ್‌ಬೋನ್‌ನಲ್ಲಿ ಎತ್ತರ ಬದಲಾದರೆ ಎಲ್ಲ ಕೋನವೂ ಬದಲಾಗುತ್ತದೆ. ಚಕ್ರದ ಮೇಲ್ಭಾಗ ಒಳಗೆ ವಾಲುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ. ಸ್ಟೀರಿಂಗ್‌ನ ಟೈ ರಾಡ್ ಓರೆಯಾಗಿ ಟೋ, ಅಂದರೆ ಎರಡು ಚಕ್ರಗಳೂ ನೇರ ಮುಂದಕ್ಕೆ ನೋಡುವ ಹೊಂದಿಕೆ, ತಪ್ಪುತ್ತದೆ. ಟೈರ್ ಬೇಗ ತಿನ್ನುವುದು ಇದೇ. ಟೈ ರಾಡ್ ಕೋನ ಆರ್ಮ್ ಜೊತೆ ಹೊಂದದಿದ್ದರೆ ಗುಂಡಿಗೆ ಬಿದ್ದಾಗಲೆಲ್ಲ ಸ್ಟೀರಿಂಗ್ ತಾನೇ ಒಂದು ಕಡೆ ಎಳೆಯುತ್ತದೆ. ಇದು ಅಲೈನ್‌ಮೆಂಟ್ ಮಾಡಿಸಿದರೂ ಹೋಗುವುದಿಲ್ಲ, ಏಕೆಂದರೆ ಅಲೈನ್‌ಮೆಂಟ್ ಮಾಡುವುದು ನಿಂತ ಗಾಡಿಗೆ.

ಗಾಡಿ ಇಳಿಸಿದರೆ ತಿರುವಿನಲ್ಲಿ ಕಡಿಮೆ ವಾಲುತ್ತದೆ ಅಂತ ಎಲ್ಲರೂ ನಂಬುತ್ತಾರೆ. ಭಾರದ ಕೇಂದ್ರ ಕೆಳಗೆ ಬರುತ್ತದೆ, ಅದು ನಿಜ. ಆದರೆ ಮುಂಭಾಗ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಇಂಥ ಸಸ್ಪೆನ್ಷನ್‌ನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಬೇಗ ಕೆಳಗೆ ಹೋಗುತ್ತದೆ. ಎರಡರ ನಡುವಿನ ದೂರ ಹೆಚ್ಚುತ್ತದೆ. ಸ್ಪ್ರಿಂಗ್ ಹಳೆಯದೇ ಇದ್ದರೆ ಇಳಿಸಿದ ಗಾಡಿ ಮೊದಲಿಗಿಂತ ಜಾಸ್ತಿ ವಾಲುವುದೂ ಉಂಟು. ಹಾಗಾಗಿ ಓಡಿಸಲು ಚೆನ್ನಾಗಿರುತ್ತದೆ ಅನ್ನುವ ಕಾರಣಕ್ಕೆ ಮುಂಭಾಗ ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಶಾಕ್ ಅಬ್ಸಾರ್ಬರ್‌ಗೆ ಅದೇ ದುಡ್ಡು ಹಾಕಿ, ಫಲ ಕಾಣುತ್ತದೆ.

ಅಮೆರಿಕದ ವಿಡಿಯೊಗಳಿಗೆ ಬರುತ್ತೇನೆ. ಅಲ್ಲಿ ಹೆವಿ ಡ್ಯೂಟಿ ಅಂತ ಕರೆಯುವ ಪಿಕಪ್‌ಗಳ ಒಳಗಿನ ಕಟ್ಟಡವೇ ಬೇರೆ. ಷೆವ್ರೊಲೆ ಸಿಲ್ವರಾಡೊ 2500 ಎಚ್‌ಡಿಯಲ್ಲಿ ಮುಂದೆ ಕಾಯಿಲ್ ಇಲ್ಲ, ಟಾರ್ಷನ್ ಬಾರ್ ಇದೆ. ನಮ್ಮ ಹಳೆಯ ಕ್ವಾಲಿಸ್‌ನಲ್ಲೂ ಅದೇ ಇತ್ತು. ಉಕ್ಕಿನ ಉದ್ದ ಸರಳು ತಿರುಚಿಕೊಂಡು ಭಾರ ಹೊರುತ್ತದೆ, ಅದರ ತುದಿಯ ಬೋಲ್ಟ್ ಸಡಿಲಿಸಿದರೆ ಮುಂಭಾಗ ಇಳಿಯುತ್ತದೆ. ಏನನ್ನೂ ಕತ್ತರಿಸಬೇಕಿಲ್ಲ, ಬೇಡವಾದರೆ ಮತ್ತೆ ಬಿಗಿ ಮಾಡಬಹುದು. ಆದರೂ ಜಾಗ ಕಡಿಮೆಯಾಗುವ ಲೆಕ್ಕ ಅಲ್ಲಿಯೂ ತಪ್ಪುವುದಿಲ್ಲ. ಫೋರ್ಡ್ ಸೂಪರ್ ಡ್ಯೂಟಿ ಫೋರ್ ಬೈ ಫೋರ್‌ನಲ್ಲಿ ಹಿಂದೆ ಪಾಟಾಕ್ಕೂ ಹೌಸಿಂಗ್‌ಗೂ (ಹಿಂದಿನ ಆಕ್ಸಲ್ ಒಳಗಿರುವ ಕಬ್ಬಿಣದ ಕವಚ) ನಡುವೆ ಕಂಪನಿಯೇ ಕಬ್ಬಿಣದ ಬ್ಲಾಕ್ ಇಟ್ಟಿರುತ್ತದೆ. ಅದನ್ನು ತೆಗೆದರೆ ಪಾಟಾ ಮುಟ್ಟದೆಯೇ ಹಿಂಭಾಗ ಇಳಿಯುತ್ತದೆ. ರ‍್ಯಾಮ್ 2500ರಲ್ಲಂತೂ 2014ರಿಂದ ಹಿಂದೆ ಪಾಟಾವೇ ಇಲ್ಲ, ಕಾಯಿಲ್.

5-6 ಇಂಚು ಇಳಿಸಿದ ಗಾಡಿಗಳಲ್ಲಿ ಮಾಡುವುದು ಇನ್ನೊಂದು ಕೆಲಸ. ಪಾಟಾದ ಕೆಳಗಿದ್ದ ಹೌಸಿಂಗನ್ನು ಪಾಟಾದ ಮೇಲೆ ತರುತ್ತಾರೆ. ಆಗ ಹೌಸಿಂಗ್ ಚಾಸಿಗೆ ಬಡಿಯುವಂತಾಗುತ್ತದೆ, ಅದಕ್ಕೆ ಚಾಸಿಯನ್ನೇ ಕತ್ತರಿಸಿ, ಕಮಾನಿನಂತೆ ಬಳಸಿ, ದಪ್ಪ ತಗಡು ಬೆಸೆದು ಗಟ್ಟಿ ಮಾಡುತ್ತಾರೆ. ಮುಂದೆ ಹಬ್ ಮೇಲಕ್ಕೆ ಬರುವಂಥ ಬೇರೆ ಸ್ಟೀರಿಂಗ್ ನಕಲ್ (ಹಬ್ ಹಿಡಿದುಕೊಳ್ಳುವ ಭಾಗ) ಹಾಕುವುದು ಟೂ ವೀಲ್ ಡ್ರೈವ್‌ನಲ್ಲಿ ಸುಲಭ. ಫೋರ್ ಬೈ ಫೋರ್‌ನಲ್ಲಿ ಹಬ್ ಮೂಲಕ ಡ್ರೈವ್ ಶಾಫ್ಟ್ ಹೋಗುತ್ತದೆ. ಹಬ್ ಮೇಲೆ ಹೋದಷ್ಟೂ ಆ ಶಾಫ್ಟ್ ಓರೆಯಾಗಿ, ಅದರ ಬಾಗುವ ಗಂಟಾದ ಸಿವಿ ಜಾಯಿಂಟ್ ಮೇಲೆ ಭಾರ ಬೀಳುತ್ತದೆ. ಆ ಗಾಡಿಗಳಲ್ಲಿ ಬಹಳಷ್ಟು ಪ್ರದರ್ಶನಕ್ಕೆ ಕಟ್ಟಿದವು, ಭಾರ ಹೊರುವುದನ್ನು ಬಿಟ್ಟವು. ನೀವು ಸಿಲಿಂಡರ್ ತುಂಬಿಕೊಂಡು ಸೊಲ್ಲಾಪುರ ದಾರಿಯಲ್ಲಿ ಊರಿಗೆ ಹೋಗುವವರು. ನಿಮ್ಮ ಕೆಲಸಕ್ಕೆ ಅದು ಮಾದರಿಯಲ್ಲ.

ಹಿಂಭಾಗದಲ್ಲಿ ಮಾತ್ರ ನಿಮಗೆ ಸ್ವಲ್ಪ ಅವಕಾಶ ಇದೆ, ಇದನ್ನು ವಿವರವಾಗಿ ಹೇಳುತ್ತೇನೆ. ಪಿಕಪ್ ಖಾಲಿ ಇದ್ದಾಗ ಹಿಂಭಾಗ ಎತ್ತರ ಇರುವುದು ದೋಷವಲ್ಲ, ಭಾರ ಹಾಕಿದಾಗ ಸಮಕ್ಕೆ ಬರಲಿ ಅಂತ ಹಾಗೆ ಮಾಡಿರುತ್ತಾರೆ. ಅದರಲ್ಲಿ ಒಂದಿಷ್ಟು ಕಡಿಮೆ ಮಾಡಿಕೊಳ್ಳಬಹುದು, ಆದರೆ ಪಾಟಾ ತೆಗೆದು ಅಲ್ಲ. ಗ್ಯಾರೇಜಿನವರು ಸಾಮಾನ್ಯವಾಗಿ ತೆಗೆಯುವುದು ಎಲ್ಲಕ್ಕಿಂತ ಕೆಳಗಿನ, ದಪ್ಪನೆಯ ಪಾಟಾವನ್ನು. ಪಾಟಾ ಕಟ್ಟು ಹೌಸಿಂಗ್ ಮೇಲೆ ಕೂತಿರುವುದರಿಂದ ಅದನ್ನು ತೆಗೆದರೆ ಅದರ ದಪ್ಪದಷ್ಟು ಗಾಡಿ ಇಳಿಯುತ್ತದೆ, ಖಾಲಿ ಓಡಿಸುವಾಗ ಮೆತ್ತಗೂ ಅನ್ನಿಸುತ್ತದೆ. ಎಲ್ಲರಿಗೂ ಖುಷಿ. ಆದರೆ ಆ ಪಾಟಾ ಇರುವುದೇ ಭಾರ ಬಿದ್ದಾಗ ಕೈಕೊಡಲು. ಅದಿಲ್ಲದೆ ನಿಮ್ಮ ಪಾತ್ರೆ-ಸಿಲಿಂಡರ್ ಹೇರಿದ ದಿನ ಹೌಸಿಂಗ್ ಬಂಪ್ ಸ್ಟಾಪರ್ ಮೇಲೆ ಕೂರುತ್ತದೆ. ನಡುವಿನ ಪಾಟಾ ತೆಗೆದರೆ ಇನ್ನೊಂದು ತೊಂದರೆ. ಫೋರ್ ಎಲ್ (ನಾಲ್ಕೂ ಚಕ್ರಕ್ಕೆ ಲೋ ಗೇರ್) ಹಾಕಿ ಜೋರು ಕೊಟ್ಟಾಗ ಹೌಸಿಂಗ್ ತಿರುಚಿಕೊಂಡು ಪಾಟಾ ಇಂಗ್ಲಿಷ್ ಎಸ್ ಅಕ್ಷರದಂತೆ ಬಾಗುತ್ತದೆ, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳು ಒದ್ದಾಡುತ್ತವೆ.

ಸರಿಯಾದ ದಾರಿ ಅಂದರೆ ಇರುವ ಎಲ್ಲ ಪಾಟಾಗಳನ್ನೂ ಇಟ್ಟುಕೊಂಡು ಅವುಗಳ ಬಾಗು ಸ್ವಲ್ಪ ಕಡಿಮೆ ಮಾಡಿಸುವುದು. ಇದನ್ನು ಪಾಟಾ ಕೆಲಸವನ್ನೇ ಮಾಡುವ ಅಂಗಡಿಯಲ್ಲಿ ಮಾಡಿಸಿ, ಬಿಡಿಭಾಗಗಳ ಪೇಟೆಯಾದ ನಾನಾ ಪೇಠೆಯಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಪ್ರೆಸ್‌ನಲ್ಲಿ ತಣ್ಣಗೇ ಒತ್ತಿ ಬಾಗು ಬದಲಿಸಬೇಕು. ಗ್ಯಾಸ್ ಹಿಡಿದರೆ ಅಲ್ಲಿಂದ ಎದ್ದು ಬನ್ನಿ, ಕಾರಣ ಮೇಲೆ ಹೇಳಿದ್ದೇನೆ. ಪ್ರತಿ ಪಾಟಾದ ಬಾಗೂ ಅದರ ಪಕ್ಕದ್ದಕ್ಕೆ ಹೊಂದಬೇಕು, ಒಂದನ್ನೇ ಒತ್ತಿಸಿದರೆ ಕಟ್ಟು ಸರಿಯಾಗಿ ಕೂರುವುದಿಲ್ಲ, ಭಾರವೆಲ್ಲ ಒಂದರ ಮೇಲೆ ಬೀಳುತ್ತದೆ. 25 ಮಿಲಿಮೀಟರ್ ಸಾಕು. ಇದರಲ್ಲಿ ಬಿರುಸು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಕಡಿಮೆಯಾಗುವುದು ಮೇಲೆ ಹೋಗುವ ಜಾಗ ಮಾತ್ರ. ಅದಕ್ಕೇ ಮೊದಲು ಅಳತೆ ಅಂದದ್ದು. ಭಾರ ಹಾಕಿದ ಮೇಲೆ ಹಿಂದೆ ಬಂಪ್ ಸ್ಟಾಪರ್ ಹತ್ತಿರ 75 ಮಿಲಿಮೀಟರ್‌ಗಿಂತ ಜಾಸ್ತಿ ಉಳಿದಿದ್ದರೆ ನಾನು 25 ಇಳಿಸಲು ಒಪ್ಪುತ್ತೇನೆ. ಅದಕ್ಕಿಂತ ಕಡಿಮೆ ಇದ್ದರೆ ಬೇಡ.

ಬಾಗು ಕಡಿಮೆಯಾದ ಪಾಟಾ ಉದ್ದವಾಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಆ ಉದ್ದಕ್ಕೆ ಶ್ಯಾಕಲ್ (ಪಾಟಾದ ಹಿಂತುದಿಯನ್ನು ಚಾಸಿಗೆ ಸೇರಿಸುವ ತೂಗುವ ಕೊಂಡಿ) ಹಿಂದಕ್ಕೆ ಹೋಗುತ್ತದೆ. ಭಾರ ಹಾಕಿ ನೋಡಿ, ಶ್ಯಾಕಲ್‌ಗೆ ಇನ್ನೂ ಹಿಂದೆ ತೂಗಲು ಜಾಗ ಇರಬೇಕು, ಚಾಸಿಗೆ ತಾಗುವಂತಿರಬಾರದು. ಶ್ಯಾಕಲ್ ಬದಲಿಸಿ ಇಳಿಸುವುದೂ ಒಂದು ವಿಧಾನ, ಅದರಲ್ಲಿ ಶ್ಯಾಕಲ್ ಉದ್ದದ ವ್ಯತ್ಯಾಸದ ಅರ್ಧದಷ್ಟು ಮಾತ್ರ ಎತ್ತರ ಬದಲಾಗುತ್ತದೆ. ಆದರೆ ಒಂದೇ ತುದಿ ಏರಿಳಿಯುವುದರಿಂದ ಹೌಸಿಂಗ್‌ನ ಮೂತಿಯೂ ತಿರುಗುತ್ತದೆ, ಕ್ರಾಸ್ ಜಾಯಿಂಟ್‌ಗಳ ಕೋನ ಕೆಡುತ್ತದೆ, 60-70ರ ವೇಗದಲ್ಲಿ ನಡುಕ ಶುರುವಾಗಬಹುದು. ನಿಮ್ಮ ಗಾಡಿಗೆ ಬಾಗು ಕಡಿಮೆ ಮಾಡಿಸುವುದೇ ಒಳ್ಳೆಯದು.

ಹಿಂಭಾಗ ಇಳಿಸುವಾಗ ಬ್ರೇಕ್ ಕಡೆ ತಪ್ಪದೆ ನೋಡಿ. ಅನೇಕ ಪಿಕಪ್‌ಗಳಲ್ಲಿ ಎಲ್‌ಎಸ್‌ಪಿವಿ ಅಂತ ಒಂದು ವಾಲ್ವ್ ಇರುತ್ತದೆ, ಬೊಲೆರೊ ಪಿಕಪ್‌ನಲ್ಲಿ ಬಹಳ ಜನ ನೋಡಿರುತ್ತಾರೆ. ಚಾಸಿಯ ಮೇಲೆ ವಾಲ್ವ್, ಅದರಿಂದ ಹೌಸಿಂಗ್‌ಗೆ ಒಂದು ಕಡ್ಡಿ ಅಥವಾ ಸ್ಪ್ರಿಂಗ್. ಹೌಸಿಂಗ್ ಚಾಸಿಗೆ ಹತ್ತಿರ ಬಂದರೆ ಹಿಂದೆ ಭಾರ ಇದೆ ಅಂತ ತಿಳಿದು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ನೀವು ಗಾಡಿ ಇಳಿಸಿದಿರಿ, ಹೌಸಿಂಗ್ ಹತ್ತಿರ ಬಂತು, ಖಾಲಿ ಗಾಡಿಯನ್ನೂ ಅದು ತುಂಬಿದ ಗಾಡಿ ಅಂತ ಭಾವಿಸುತ್ತದೆ. ಮಳೆಯಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡಡ್ಡ ತಿರುಗುತ್ತದೆ. ನಿಮ್ಮ ಗಾಡಿಯ ಕೆಳಗೆ ಅಂಥ ಕಡ್ಡಿ ಇದ್ದರೆ ಹೊಸ ಎತ್ತರಕ್ಕೆ ಅದನ್ನು ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ ಹೊಂದಿಸಲೇಬೇಕು. ಎಬಿಎಸ್ ಜೊತೆ ಇಬಿಡಿ ಇರುವ ಗಾಡಿಗಳಲ್ಲಿ ಈ ಕೆಲಸವನ್ನು ಚಕ್ರದ ಸೆನ್ಸರ್ ನೋಡಿ ಕಂಪ್ಯೂಟರ್ ಮಾಡುತ್ತದೆ. ಆದರೂ ಕೆಳಗೆ ಮಲಗಿ ಒಮ್ಮೆ ಕಣ್ಣಾರೆ ನೋಡಿಕೊಳ್ಳಿ. ಬ್ರೇಕ್ ಹೋಸ್, ಸೆನ್ಸರ್ ವೈರ್ ಎಲ್ಲೂ ಉಜ್ಜುತ್ತಿಲ್ಲ ಅಂತಲೂ ಆಗಲೇ ನೋಡಿಬಿಡಿ.

ಹಿಂಭಾಗ ಮಾತ್ರ 1 ಇಂಚು ಇಳಿದರೆ ಮುಂಭಾಗದ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ತುಸು ಹೆಚ್ಚುತ್ತದೆ, ಸ್ಟೀರಿಂಗ್ ನೇರಕ್ಕೆ ಬರುವುದು ಇನ್ನೂ ಚೆನ್ನಾಗುತ್ತದೆ, ತೊಂದರೆ ಏನಿಲ್ಲ. ಮುಂಭಾಗ ಇಳಿಸಿ ಹಿಂಭಾಗ ಹಾಗೇ ಬಿಟ್ಟರೆ ಇದಕ್ಕೆ ಉಲ್ಟಾ, ಹೈವೇಯಲ್ಲಿ ಗಾಡಿ ಅಲೆದಾಡುತ್ತದೆ. ಹಿಂಭಾಗ ಇಳಿಸಿದಾಗ ಹೆಡ್‌ಲೈಟ್ ಮಾತ್ರ ಮೇಲೆ ಎದ್ದಿರುತ್ತದೆ, ಅದನ್ನು ಗೋಡೆಯ ಮುಂದೆ ನಿಲ್ಲಿಸಿ ಸರಿ ಮಾಡಿಸಿ. ಎದುರಿನವರ ಕಣ್ಣಿಗೆ ಹೊಡೆದರೆ ಅಪಾಯ ಅವರಿಗೂ ಇದೆ, ನಮಗೂ ಇದೆ.

ಟೈರ್ ಬದಲಿಸಿ ಇಳಿಸಬಹುದಾ ಅಂತ ಮುಂದೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. 255/60 ಆರ್ 18 ಬದಲು 255/55 ಆರ್ 18 ಹಾಕಿದರೆ ವ್ಯಾಸ ಸುಮಾರು 25 ಮಿಲಿಮೀಟರ್ ಕಡಿಮೆ, ಗಾಡಿ ಇಳಿಯುವುದು ಅದರ ಅರ್ಧ, 13 ಮಿಲಿಮೀಟರ್ ಅಷ್ಟೇ. ಸ್ಪೀಡೋಮೀಟರ್ ನೂರಕ್ಕೆ ಮೂರರಷ್ಟು ಜಾಸ್ತಿ ತೋರಿಸುತ್ತದೆ. ಹಿಂದಿನ ಹೌಸಿಂಗ್‌ನ ಗುಂಡಗಿನ ಭಾಗ ನೆಲಕ್ಕೆ ಹತ್ತಿರ ಬರುವುದೂ ಟೈರ್ ಬದಲಿಸಿದಾಗ ಮಾತ್ರ. ಪಾಟಾ ಇಳಿಸಿದರೆ ಚಾಸಿ ಇಳಿಯುತ್ತದೆ, ಹೌಸಿಂಗ್ ಎತ್ತರ ಅಷ್ಟೇ ಇರುತ್ತದೆ. ಹಿಂದಿನ ಎರಡು ಟೈರ್ ಮಾತ್ರ ಚಿಕ್ಕದು ಹಾಕುವ ಯೋಚನೆ ಯಾರಾದರೂ ಕೊಟ್ಟರೆ ಕೇಳಬೇಡಿ. ಫೋರ್ ಎಚ್ (ನಾಲ್ಕೂ ಚಕ್ರಕ್ಕೆ ಹೈ ಗೇರ್) ಹಾಕಿದಾಗ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಟೈರ್ ಸುತ್ತಳತೆ ಬೇರೆಯಾದರೆ ಟ್ರಾನ್ಸ್‌ಫರ್ ಕೇಸ್ ಒಳಗೇ ಎಳೆದಾಟ ಶುರು, ಗೇರ್ ಹಾಳು.

ಅವ್ವನ ವಿಷಯಕ್ಕೆ ಬರೋಣ, ಇದು ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಮನೆಯ ಮೆಟ್ಟಿಲು ಸಾಮಾನ್ಯವಾಗಿ 6-7 ಇಂಚು ಇರುತ್ತದೆ. ನಿಮ್ಮ ಗಾಡಿಯ ಫುಟ್‌ಸ್ಟೆಪ್ ನೆಲದಿಂದ ಎಷ್ಟಿದೆ ಅಳೆಯಿರಿ, ಅದರ ಎರಡು ಪಟ್ಟಿನ ಹತ್ತಿರ ಇರುತ್ತದೆ. ಇದರಲ್ಲಿ 1 ಇಂಚು ಕಡಿಮೆಯಾದರೆ ಮೊಣಕಾಲಿಗೆ ಏನು ಗೊತ್ತಾಗುತ್ತದೆ? 3 ಇಂಚು ಕಡಿಮೆಯಾದರೂ ಅದು ಮೆಟ್ಟಿಲಿಗಿಂತ ಎತ್ತರವೇ. ನಡುವೆ ಒಂದು ಮೆಟ್ಟಿಲು ಸಿಕ್ಕಿದರೆ ಮಾತ್ರ ಒಂದೊಂದು ಹೆಜ್ಜೆಯ ಎತ್ತರ ಅರ್ಧಕ್ಕೆ ಬರುತ್ತದೆ. ಅವ್ವ ಕೂರುವ ಕಡೆಯ ಫುಟ್‌ಸ್ಟೆಪ್ ಕೆಳಗೆ ಮಡಚುವ ಮೆಟ್ಟಿಲು ಹಾಕಿಸಿ, ಫುಟ್‌ಸ್ಟೆಪ್‌ನ ಬ್ರಾಕೆಟ್‌ಗೇ ಬೋಲ್ಟ್ ಹಾಕಿ, ಚಾಸಿಗೆ ವೆಲ್ಡಿಂಗ್ ಬೇಡ. ಓಡಿಸುವಾಗ ಅದು ಮೇಲೆ ಮಡಚಿ ಲಾಕ್ ಆಗಬೇಕು. ಮೆಟ್ಟಿಲಿನ ಮೇಲೆ ಒರಟು ಪಟ್ಟಿ ಅಂಟಿಸಿ, ಮಳೆಯಲ್ಲಿ ಕಾಲು ಜಾರಬಾರದು. ಅಷ್ಟೂ ಬೇಡವಾದರೆ ಅಗಲ ತಳದ ಗಟ್ಟಿ ಸ್ಟೂಲ್ ಒಂದನ್ನು ಸೀಟಿನ ಹಿಂದೆ ಇಟ್ಟುಕೊಳ್ಳಿ. ಮೊಣಕಾಲು ನೋವಿರುವವರು ಮೊದಲು ನೋವಿಲ್ಲದ ಕಾಲು ಮೇಲೆ ಇಡಬೇಕು, ಇಳಿಯುವಾಗ ನೋವಿರುವ ಕಾಲು ಮೊದಲು ಕೆಳಗೆ. ಹಿಡಿದುಕೊಳ್ಳಲು ಒಳಗಿನ ಹ್ಯಾಂಡಲ್ ಅವರ ಕೈಗೆ ಎಟುಕುತ್ತದೆಯಾ ಅಂತ ಅವರನ್ನೇ ನಿಲ್ಲಿಸಿ ನೋಡಿ.

ಕಾನೂನನ್ನೂ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಚಾಸಿ ಕತ್ತರಿಸುವ, ಬೆಸೆಯುವ ಯಾವ ಕೆಲಸವೂ ಬೇಡವೇ ಬೇಡ. ಪಾಟಾ ಬಾಗು ಕಡಿಮೆ ಮಾಡಿಸುವ ಮೊದಲು ಎಮ್‌ಎಚ್-14ರ, ಅಂದರೆ ಪಿಂಪ್ರಿ-ಚಿಂಚವಡದ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೂ ಬರೆದು ಅವರ ಉತ್ತರವನ್ನು ಬರಹದಲ್ಲೇ ತೆಗೆದಿಟ್ಟುಕೊಳ್ಳಿ. ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ಮೇಲೆ ಸರ್ವೇಯರ್ ಕಣ್ಣಿಗೆ ಬಿದ್ದರೆ ಕ್ಲೇಮ್ ನಿಲ್ಲಬಹುದು. ಅವರು ಆಗದು ಅಂದರೆ ಆ 1 ಇಂಚನ್ನೂ ಬಿಟ್ಟುಬಿಡಿ, ಅವ್ವನ ಮೆಟ್ಟಿಲು ಸಾಕು.

ಒಪ್ಪಿಗೆ ಸಿಕ್ಕಿ ಕೆಲಸ ಮಾಡಿಸುವುದಾದರೆ ಎರಡು ಮಾತು ಮೆಕ್ಯಾನಿಕ್‌ಗೆ ಮೊದಲೇ ಹೇಳಿ. ಪಾಟಾ ಕಟ್ಟನ್ನು ಹೌಸಿಂಗ್‌ಗೆ ಬಿಗಿಯುವ ಯು ಬೋಲ್ಟ್ ಹಳೆಯದನ್ನೇ ಮತ್ತೆ ಹಾಕಬಾರದು, ಒಮ್ಮೆ ಬಿಗಿದ ಯು ಬೋಲ್ಟ್ ಹಿಗ್ಗಿರುತ್ತದೆ, ಹೊಸದು ತನ್ನಿ. ಇನ್ನೊಂದು, ಪಾಟಾದ ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್‌ಗಳನ್ನು ಗಾಡಿ ಜ್ಯಾಕ್ ಮೇಲಿದ್ದಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ಇಳಿದು ಗಾಡಿಯ ಭಾರ ಬಿದ್ದ ಮೇಲೆ ಬಿಗಿಯಬೇಕು. ಗಾಳಿಯಲ್ಲಿ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತದೆ, ಗಾಡಿ ಪೂರ್ತಿ ಇಳಿಯುವುದಿಲ್ಲ, ಕೆಲವೇ ತಿಂಗಳಲ್ಲಿ ಬುಷ್ ಹರಿಯುತ್ತದೆ. ಇಳಿಯಲಿಲ್ಲವಲ್ಲ ಅಂತ ಇನ್ನೂ ಬಾಗು ತೆಗೆಸುವವರು ಇರುತ್ತಾರೆ, ನಿಜವಾದ ಕಾರಣ ಈ ಬೋಲ್ಟ್. ಕೆಲಸ ಮುಗಿದ ಮೇಲೆ ನಾಲ್ಕು ಚಕ್ರದ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಎರಡನ್ನೂ ಕೇಳಿ ಪಡೆಯಿರಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ಬಿಗಿಸಿ, ಆಗಲೇ ಫೆಂಡರ್ ಎತ್ತರವನ್ನೂ ಮತ್ತೆ ಅಳೆಯಿರಿ. ಎಡಕ್ಕೂ ಬಲಕ್ಕೂ 10 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪಾಟಾ ಅಂಗಡಿಯವರಿಗೆ ವಾಪಸ್ ತೋರಿಸಿ.

ಖಾಲಿ ಗಾಡಿಯ ಮತ್ತು ತುಂಬಿದ ಗಾಡಿಯ ಬಂಪ್ ಸ್ಟಾಪರ್ ಅಳತೆ, ವೇ ಬ್ರಿಡ್ಜ್‌ನ ಎರಡು ತೂಕ, ಶ್ಯಾಕಲ್‌ನ ಒಂದು ಫೋಟೊ ಇಷ್ಟು ಕಳಿಸಿ. ಪಾಟಾ ಅಂಗಡಿಗೆ ಹೋಗುವ ಮೊದಲೇ ಕಳಿಸಿದರೆ 25 ಮಿಲಿಮೀಟರ್ ಸರಿಯಾ, 15ಕ್ಕೇ ನಿಲ್ಲಿಸಬೇಕಾ ಅಂತ ನೋಡಿ ಹೇಳುತ್ತೇನೆ.